ನೀಲಿಗೆ ತಿರುಗಿದ ನಳಿಕೆ

ದಾವಲಸಾಬ ಕಾಕಾ ಹೊಸಬರನ್ನು ಕಂಡರೆ ಹೆಸರು ಕೇಳುತ್ತಿರಲಿಲ್ಲ. "ನೀವು ಯಾರ ಪೈಕಿ?" ಎಂದು ಕೇಳುತ್ತಿದ್ದರು. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಬಸ್ಸಿನಲ್ಲಿ ಬಾಜು ಕುಳಿತವರೂ ಇದನ್ನೇ ಕೇಳುತ್ತಾರೆ, ಅಜ್ಜನ ಕಾಲದ ಬೀಗತನವೊಂದನ್ನು ಹುಡುಕಿ ತೆಗೆಯುತ್ತಾರೆ, ಆಮೇಲೆ ಶೇಂಗಾ ಹಂಚಿಕೊಂಡು ತಿನ್ನುತ್ತಾರೆ. ಆದರೆ ಕಾಕಾ ಈ ಪ್ರಶ್ನೆಯನ್ನು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿಕೊಂಡೂ ಕೇಳುತ್ತಿದ್ದರು. "ಏನಪಾ, ಯಾರ ಪೈಕಿ ನೀ?" ಎಂದು ಅವರು ಗಾಜಿನ ಪಟ್ಟಿಯ ಮೇಲಿನ ರೋಗಾಣುವನ್ನು ವಿಚಾರಿಸುವುದನ್ನು ಮೊದಲ ಸಲ ಕೇಳಿಸಿಕೊಂಡ ದಿನ ನನಗೆ ಜ್ವರವಿತ್ತು. ಜ್ವರದಲ್ಲಿ ನನಗೇ ಏನೋ ಕೇಳಿಸುತ್ತಿದೆ ಎಂದುಕೊಂಡೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಲೆ ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದು ಅವರು ಲ್ಯಾಬು ತೆರೆದಿದ್ದರು. ಬಾಜುವಿನಲ್ಲೇ ಮೆಣಸಿನಕಾಯಿ ಗೋದಾಮು. ಹೊಟ್ಟೆನೋವಿನವರು, ಮೊಣಕಾಲು ನೋವಿನವರು ಯಾರೇ ಬಂದರೂ ಸೀನುತ್ತಲೇ ಒಳಗೆ ಬರುತ್ತಿದ್ದರು. ಎತ್ತರದ ತೆಳ್ಳನೆಯ ಆಳು, ಅರ್ಧ ತೋಳಿನ ಬಿಳಿ ಅಂಗಿ, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ಕೈಗಳು ಮಾತ್ರ ಬೇರೆ ಯಾರದೋ ಅನ್ನುವಷ್ಟು ಬೆಳ್ಳಗೆ ಸುಕ್ಕುಗಟ್ಟಿದ್ದವು. ದಿನಕ್ಕೆ ಅವೆಷ್ಟು ಸಲ ಸಾಬೂನು ಕಾಣುತ್ತಿದ್ದವೋ. ಯಾರ ಮನೆಗೆ ಹೋದರೂ ಕುಡಿಯುವ ನೀರಿಗಿಂತ ಮೊದಲು ಕೈತೊಳೆಯುವ ನೀರು ಕೇಳುತ್ತಿದ್ದರು. ತಾವು ತೊಳೆದ ಮೇಲೆ ತಂಬಿಗೆಯನ್ನು ಮನೆಯವರ ಕೈಗೂ ಬಗ್ಗಿಸಿಬಿಡುತ್ತಿದ್ದರು.

ರೋಗಾಣು ಬೆಳೆಸುವ ಅಗರ್ ಎಂಬ ಲೋಳೆಯನ್ನು ಅವರು ತಯಾರಿಸುತ್ತಿದ್ದುದು ಪ್ರೆಶರ್ ಕುಕ್ಕರಿನಲ್ಲಿ. ಅವರ ಮನೆಯಾಕೆ, ನಾವೆಲ್ಲ ಚಾಚಿ ಅನ್ನುತ್ತಿದ್ದವರು, ಬಂದವರಿಗೆಲ್ಲ ಇದನ್ನು ಹೇಳಿಕೊಳ್ಳುತ್ತಿದ್ದರು. "ನಮ್ಮನ್ಯಾಗ ಎರಡು ಕುಕ್ಕರ್ ಅದಾವ್ರಿ. ಒಂದು ಮನಷಾರಿಗೆ, ಒಂದು ಇವರ ಹುಳಕ್ಕ. ಹುಳದ್ದ ದೊಡ್ಡದೈತಿ."

ನಾನು ಅಣ್ಣಿಗೇರಿ ಹತ್ತಿರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು. ಇಪ್ಪತ್ತು ವರ್ಷ ಫಳಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಉದ್ದನೆಯ ಮೊಟ್ಟೆ ಬರೆದು, ಅದಕ್ಕೆ ಸುತ್ತಲೂ ಕೂದಲು ಅಂಟಿಸಿ, ಇದು ಬ್ಯಾಕ್ಟೀರಿಯಾ ಎಂದು ಮಕ್ಕಳಿಂದ ಗಟ್ಟಿ ಮಾಡಿಸಿದವಳು. ಜೀವಂತ ಬ್ಯಾಕ್ಟೀರಿಯಾ ಒಂದನ್ನಾದರೂ ನಾನು ಕಂಡಿರಲಿಲ್ಲ. ಅದಕ್ಕೇ ಏನೋ, ನನಗೆ ತಿಳಿವಳಿಕೆಯ ಸೊಕ್ಕು ಸ್ವಲ್ಪ ಹೆಚ್ಚೇ ಇತ್ತು. ಜ್ವರ ಬಂದು ಮೂರನೆಯ ದಿನ, ಬೆರಳಿನ ರಕ್ತದಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಪರೀಕ್ಷೆಯೊಂದರ ಚೀಟಿ ಹಿಡಿದು ಅವರ ಖೋಲಿಗೆ ಹೋಗಿದ್ದೆ. ಅದರಲ್ಲಿ ಟೈಫಾಯ್ಡ್ ಎಂದಿತ್ತು. ಕಾಕಾ ಚೀಟಿಯನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು.

"ಅಕ್ಕೋರ, ಹಿಂದಕ ಯಾವಾಗರೆ ಟೈಫಾಯ್ಡ್ ಆಗಿತ್ತೇನ್ರಿ?"

"ಕಾಲೇಜಿನಾಗ ಇದ್ದಾಗ ಆಗಿತ್ರಿ."

"ಇದು ಆ ನೆನಪು ಇದ್ದೀತು. ರಕ್ತಕ್ಕ ಮರವು ಕಡಿಮಿ. ನೆನಪಿಗೆ ಔಷಧ ತಗೊಂಡ್ರ ಜ್ವರ ಹೆಂಗ ಬಿಡಬೇಕು? ನಾಕು ದಿನ ತಡೀರಿ, ಬೆಳಸಿ ನೋಡತೇನಿ."

ನಾಲ್ಕು ದಿನ ಕಾಯಲು ನಾನೇನು ಬಿತ್ತನೆ ಮಾಡಿದ್ದೇನೆಯೇ ಎಂದು ಸಿಟ್ಟಿನಿಂದ ಮನೆಗೆ ಬಂದೆ. ನಾಲ್ಕನೆಯ ದಿನ ಅವರು ಫೋನ್ ಮಾಡಿ ಏನೂ ಬೆಳೆದಿಲ್ಲ ಎಂದರು. ಅಷ್ಟರಲ್ಲಿ ಜ್ವರ ತಾನೇ ಹೋಗಿತ್ತು. ಅಂದಿನಿಂದ ಅಣ್ಣಿಗೇರಿಗೆ ಹೋದಾಗಲೆಲ್ಲ ಅವರ ಖೋಲಿಗೆ ಇಣುಕಿ ಬರುವುದು ನನಗೆ ರೂಢಿಯಾಯಿತು.

ನಮ್ಮ ಶಾಲೆಯ ಬಿಸಿಯೂಟ ಮಾಡುವ ಗಂಗವ್ವನಿಗೆ ನಿಜವಾದ ಟೈಫಾಯ್ಡ್ ಬಂದದ್ದು ಅದರ ಮರುವರ್ಷ. ಹನ್ನೊಂದು ವರ್ಷದಿಂದ ನಮ್ಮ ಮಕ್ಕಳಿಗೆ ಉಣಬಡಿಸಿದ ಹೆಂಗಸು. ಯಾವ ಹುಡುಗ ಬದನೆಕಾಯಿ ಆರಿಸಿ ಚೆಲ್ಲುತ್ತಾನೆ, ಯಾವ ಹುಡುಗಿ ಮನೆಯಲ್ಲಿ ಉಣ್ಣದೆ ಬಂದಿದ್ದಾಳೆ ಎಂಬುದು ನಮಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಎರಡು ವಾರವಾದರೂ ಅವಳ ಜ್ವರ ಬಿಡದಿದ್ದಾಗ ನಾನೇ ಕಾಕಾನ ಹತ್ತಿರ ಕರೆದುಕೊಂಡು ಹೋದೆ. ರಕ್ತ ಬೆಳೆಸಿ ಅವರು ಪತ್ತೆ ಹಚ್ಚಿದರು, ಔಷಧಿಯಾಯಿತು, ಗಂಗವ್ವ ಎದ್ದು ಓಡಾಡಿದಳು. ಗುಣವಾದ ಮೇಲೆ ಮತ್ತೆ ತೋರಿಸಲು ಹೋದ ದಿನ ನನಗೆ ಒಂದು ಪಾಠವಾಯಿತು. ಆ ಪಾಠದ ಅರ್ಧ ಭಾಗದಿಂದ ಮುಂದೆ ನಾನು ಮಾಡಿದ ಅನಾಹುತವನ್ನು ಹೇಳಲಿಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಕಾಕಾ ಹುಟ್ಟಿದ್ದು ನವಲಗುಂದದಲ್ಲಿ, ಜಮಖಾನೆ ನೇಯುವವರ ಮನೆಯಲ್ಲಿ. ಏನು ವಿವರಿಸಬೇಕಾದರೂ ಅವರು ಮಗ್ಗಕ್ಕೇ ಬರುತ್ತಿದ್ದರು.

"ನಮ್ಮವ್ವ ಮಗ್ಗ ನೇಯತಿದ್ಲು, ಮೆಣಸಿನಕಾಯಿ ಬಿಡಸತಿದ್ಲು, ಆಡು ಸಾಕತಿದ್ಲು, ಕೌದಿ ಹೊಲಿತಿದ್ಲು. ಎಲ್ಲಿ ಒಗದ್ರೂ ಬದುಕು ಮಾಡಾಕಿ. ನಮ್ಮ ಚಿಗವ್ವ ಹಂಗಲ್ಲ. ಸಣ್ಣಾಕಿ ಇದ್ದಾಗಿಂದ ಒಂದ ಮಗ್ಗ, ಜಮಖಾನಿ ಮ್ಯಾಲ ಒಂದ ನವಿಲು. ಉಳಿದ ಕಸಬು ಎಲ್ಲಾ ಮರತ್ಲು. ಆದ್ರ ಆಕಿ ನವಿಲಿನಂಥಾ ನವಿಲು ಯಾರಿಗೂ ಬರಲಿಲ್ಲ. ಈ ಹುಳದ ಮನಿತನಾನೂ ಹಂಗ ಅದರಿ. ಮೂಲ ಒಂದ. ಕೋಳಿ ಹೊಟ್ಟ್ಯಾಗ, ಎಮ್ಮಿ ಹೊಟ್ಟ್ಯಾಗ, ಹಲ್ಲಿ ಹೊಟ್ಟ್ಯಾಗ ಎಲ್ಲಿ ಬೇಕಾದಲ್ಲಿ ಇರವ ಒಬ್ಬ. ಅಂವ ತಪ್ಪಿ ಮನಷಾನ ಹೊಟ್ಟಿಗೆ ಬಂದ್ರ ಎರಡು ಮೂರು ದಿನ ವಾಂತಿ, ಜುಲಾಬು, ಗದ್ದಲಾ ಮಾಡಿ ಹೋಗತಾನ. ಇನ್ನೊಬ್ಬ ಬಹಳ ಹಿಂದಕ ಮನಷಾನ ಮನಿ ಹೊಕ್ಕಾಂವ ಹೊರಗ ಬರಲೇ ಇಲ್ಲ. ಕೋಳಿ ಬಿಟ್ಟ, ಎಮ್ಮಿ ಬಿಟ್ಟ. ಅಲ್ಲಿ ಬದುಕಾಕ ಬೇಕಾಗಿದ್ದ ವಿದ್ಯಾ ಒಂದೊಂದ ಮರತ. ಎಲ್ಲಿಂದಲೋ ಒಂದು ಹೊದಿಕಿ ಮಾತ್ರ ಗಳಿಸಿದ. ಅದನ್ನ ಹೊತ್ಕೊಂಡ್ರ ನಮ್ಮ ಮೈಯಾಗಿನ ಕಾವಲುಗಾರರಿಗೆ ಲಗೂ ಗುರ್ತು ಸಿಗಂಗಿಲ್ಲ. ಸುಮ್ಮನ ಕರಳು ದಾಟಿ ರಕ್ತದಾಗ ಇಳೀತಾನ. ಅಂವನ ಟೈಫಾಯ್ಡ್."

"ಅಂದ್ರ ಭಾಳ ಕಲತಾಂವ ಕೆಟ್ಟ ಅನ್ರಿ" ಎಂದೆ.

"ಭಾಳ ಮರತಾಂವ ಅನ್ರಿ ಅಕ್ಕೋರ. ಹೊದಿಕಿ ಒಂದು ಬಿಟ್ರ ಅಂವಂದು ಎಲ್ಲಾ ಕಳಕೊಂಡ ಬದುಕು. ಕಳಕೊಂಡದ್ದಕ್ಕ ಮನಷಾನ್ನ ಬಿಟ್ಟು ಎಲ್ಲಿಗೂ ಹೋಗಾಕ ಬರೂದಿಲ್ಲ. ಜ್ವರ ಇಳದ ಮ್ಯಾಲೂ ಕೆಲವರ ಪಿತ್ತಕೋಶದಾಗ ವರ್ಷಗಟ್ಟಲೆ ಕುಂತಿರತಾನ. ಅವರಿಗೆ ಏನೂ ಆಗಿರೂದಿಲ್ಲ, ಆದ್ರ ಅವರ ಕೈಯಿಂದ ಮಂದಿಗೆ ಬರತೈತಿ."

ಅಷ್ಟೊತ್ತಿಗೆ ನಮ್ಮೂರ ಬಸ್ಸು ಹಾರನ್ ಹಾಕಿತು. ನಾನು ಗಂಗವ್ವನನ್ನು ಅಲ್ಲೇ ಬಿಟ್ಟು, ನೀನು ಮುಂದಿನ ಬಸ್ಸಿಗೆ ಬಾ ಎಂದು ಹೇಳಿ ಓಡಿದೆ. ಕಾಕಾ ಹಿಂದಿನಿಂದ ಏನೋ ಹೇಳುತ್ತಿದ್ದರು. ಕೈ ಬೀಸಿ ಬಸ್ ಹತ್ತಿದೆ.

ಎರಡು ವರ್ಷದ ನಂತರ, ನಮ್ಮ ಹೆಡ್‌ಮಾಸ್ತರರು ನಿವೃತ್ತರಾಗಿ ನಾನು ಪ್ರಭಾರಿಯಾಗಿದ್ದಾಗ, ಶಾಲೆಗೆ ತಪಾಸಣೆ ಬಂತು. ಮಕ್ಕಳಿಗೆ ಮೊಟ್ಟೆ ಕೊಡುವ ದಿನ ಅದು. ಅಧಿಕಾರಿಗಳು ಹೋದರು, ಎಲ್ಲ ಚೆನ್ನಾಗಿದೆ ಎಂದು ಬರೆದೂ ಹೋದರು. ಮರುದಿನ ಮುಂಜಾನೆ ಇಪ್ಪತ್ತರಷ್ಟು ಮಕ್ಕಳು ಶಾಲೆಗೆ ಬರಲಿಲ್ಲ. ವಾಂತಿ, ಭೇದಿ, ಮೈ ಸುಡುವ ಜ್ವರ. ಇಬ್ಬರಿಗೆ ಸಲೈನ್ ಹಾಕಿಸಬೇಕಾಯಿತು. ಯಾವ ಮಗುವಿಗೂ ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಊರು ಹೊತ್ತಿಕೊಂಡಿತು. ಯಾರೋ ಎರಡು ಮಕ್ಕಳಿಗೆ ಹತ್ತು ನಿಮಿಷದ ಆ ಪರೀಕ್ಷೆ ಮಾಡಿಸಿದರು. ಗಂಗವ್ವನಿಗೂ ಮಾಡಿಸಿದರು. ಮೂರೂ ಚೀಟಿಯಲ್ಲಿ ಟೈಫಾಯ್ಡ್ ಎಂದು ಬಂತು. ಮಧ್ಯಾಹ್ನದೊಳಗೆ ಆ ಚೀಟಿಗಳ ಫೋಟೋ ಊರ ವಾಟ್ಸಾಪ್ ಗುಂಪಿನಲ್ಲಿತ್ತು.

ಶಾಲಾ ಸಮಿತಿ ಕೂಡಿತು. ಅಧ್ಯಕ್ಷರಾಗಿದ್ದ ಗೌಡರು ನನ್ನ ಮುಖ ನೋಡಿ, "ಅಕ್ಕೋರ, ನೀವು ಸೈನ್ಸ್ ಓದಿದವರು, ಹಿಂಗ ಆಗತೈತೇನ್ರಿ?" ಎಂದು ಕೇಳಿದರು. ಆಗತೈತ್ರಿ ಎಂದೆ. ರೋಗಾಣು ಪಿತ್ತಕೋಶದಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ, ಹೊತ್ತುಕೊಂಡವರಿಗೆ ಏನೂ ಆಗಿರುವುದಿಲ್ಲ, ಅವರ ಕೈಯಿಂದ ಮಂದಿಗೆ ಬರುತ್ತದೆ. ಕಾಕಾನ ಮಾತುಗಳನ್ನೇ ಒಂದಕ್ಷರ ಬಿಡದೆ ಒಪ್ಪಿಸಿದೆ. ಎಲ್ಲರೂ ತಲೆಯಾಡಿಸಿದರು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು ಎಂಬುದನ್ನು ಮುಚ್ಚಿಟ್ಟು ಏನು ಮಾಡಲಿ. ಅಂದೇ ಗಂಗವ್ವನನ್ನು ಅಡಿಗೆಮನೆಯಿಂದ ಹೊರಗೆ ಹಾಕಿದೆವು.

ಒಂದು ವಾರದಲ್ಲಿ ಅವಳು ಊರಲ್ಲಿ ಇದ್ದೂ ಇಲ್ಲದಂತಾದಳು. ಹಿಟ್ಟಿನ ಗಿರಣಿಯಲ್ಲಿ ಅವಳ ಡಬ್ಬಿಯನ್ನು ಬೇರೆ ಇಡುತ್ತಿದ್ದರು. ಮದುವೆ ಮನೆಗಳಿಗೆ ರೊಟ್ಟಿ ಬಡಿಯಲು ಅವಳನ್ನು ಕರೆಯುತ್ತಿದ್ದವರು ಬೇರೆಯವರನ್ನು ಕರೆದರು. ಒಂದು ದಿನ ಶಾಲೆಯ ಗೇಟಿನ ಹೊರಗೆ ನಿಂತಿದ್ದಳು, ಒಳಗೆ ಬರಲಿಲ್ಲ. "ಅಕ್ಕೋರ, ನಾ ಮಕ್ಕಳಿಗೆ ವಿಷಾ ಹಾಕೇನಿ ಅನ್ನಾಕತ್ತಾರ್ರಿ. ನೀವರೆ ಅಲ್ಲ ಅಂತ ಒಂದು ಮಾತು ಹೇಳ್ರಿ" ಎಂದಳು. ಪರೀಕ್ಷೆಯಲ್ಲಿ ಬಂದಿದೆಯಲ್ಲ ಗಂಗವ್ವ ಎಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಸುಮ್ಮನೆ ಹೋದಳು.

ಸುದ್ದಿ ಅಣ್ಣಿಗೇರಿಗೆ ಮುಟ್ಟಿತು. ಕಾಕಾನ ಫೋನ್ ಬಂತು. ಅವರು ಏರುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅಕ್ಕೋರ, ಮಕ್ಕಳು ತತ್ತಿ ತಿಂದದ್ದು ಯಾವಾಗ?"

"ಮಧ್ಯಾಹ್ನರಿ."

"ವಾಂತಿ ಸುರು ಆದದ್ದು?"

"ಮರುದಿನ ಮುಂಜಾನಿ."

"ಟೈಫಾಯ್ಡ್ ಹೊಟ್ಟಿಗೆ ಹೋದ್ರ ಜ್ವರ ಬರಾಕ ವಾರ, ಎರಡು ವಾರ ಬೇಕು. ಇದನ್ನ ನೀವ ಮಕ್ಕಳಿಗೆ ಕಲಸ್ತೀರಿ. ಇನ್ನ ಆ ಚೀಟಿ. ಗಂಗವ್ವನ ರಕ್ತದಾಗ ಹಳೇ ನೆನಪು ಇರೂದ. ಮಕ್ಕಳ ಚೀಟೀನೂ ನಂಬಾಕ ಬರೂದಿಲ್ಲ, ಆ ಪರೀಕ್ಷಾ ಭಾಳ ಸಲ ಸುಳ್ಳ ಹೇಳತೈತಿ. ಮತ್ತ ಕೇಳ್ರಿ. ಅವತ್ತು ಬಸ್ ಬಂತಂತ ಓಡಿದ್ರಲ್ಲಾ, ಆಮ್ಯಾಲೆ ನಾ ಏನ ಮಾಡಿದೆ ಗೊತ್ತೈತೇನು? ಮೂರು ಸಲ ಆಕಿದು ಬೆಳಸಿ ನೋಡೇನಿ. ಪಿತ್ತಕೋಶದಾಗ ಯಾರೂ ಕುಂತಿಲ್ಲಂತ ಖಾತ್ರಿ ಮಾಡೇನಿ. ನೀವು ಅರ್ಧಾ ಕೇಳಿ ಹೋದ್ರಿ, ಅರ್ಧಾ ತಗೊಂಡು ಆಕಿ ಕುತ್ತಿಗಿಗೆ ಕಟ್ಟಿದ್ರಿ."

ಹೊದಿಕೆಯ ರೋಗಾಣುವಿನ ಕಥೆಗೆ ಮರುಳಾಗಿ, ಒಂಬತ್ತನೆಯ ತರಗತಿಯ ಹುಡುಗನೂ ಹೇಳಬಹುದಾದ ಲೆಕ್ಕವನ್ನು ನಾನು ಹಾಕಿಯೇ ಇರಲಿಲ್ಲ.

ಮರುದಿನವೇ ಕಾಕಾ ತಮ್ಮ ಹಳೆಯ ಮೊಪೆಡ್ಡಿನ ಮೇಲೆ ಐಸ್ ಡಬ್ಬಿ ಕಟ್ಟಿಕೊಂಡು ಬಂದರು. ಮಲದ ಮಾದರಿಗಾಗಿ ಕಾಯಿಲೆಯಾದ ಮಕ್ಕಳ ಮನೆಮನೆ ತಿರುಗಿದರು. ನಾನೂ ಜೊತೆಗೆ ಹೋದೆ. ಪ್ರತಿ ಮನೆಯಲ್ಲೂ ಮೊದಲು ಯಾರ ಪೈಕಿ ಎಂದು ವಿಚಾರಿಸಿ, ಕೈ ತೊಳೆದು, ತೊಳೆಸಿ, ಆಮೇಲೆ ಡಬ್ಬಿ ಕೊಡುವುದು. ಒಬ್ಬ ಮುದುಕಿಗೆ ಇದೆಲ್ಲ ಬಗೆಹರಿಯಲೇ ಇಲ್ಲ.

"ಇದನ್ನೊಯ್ದು ಏನ ಮಾಡ್ತೀಯೋ ಸಾಬಾ?"

"ಬೆಳಸ್ತೇನಬೇ ಅವ್ವಾ."

"ಬೆಳಸಾಕ ನಿನಗ ಮತ್ತೇನೂ ಸಿಗಲಿಲ್ಲೇನೋ?"

ಕಾಕಾ ನಕ್ಕು ಇನ್ನೊಂದು ಸಲ ಕೈ ತೊಳೆದುಕೊಂಡರು. ಕೊನೆಗೆ ಗಂಗವ್ವನ ಮನೆಗೆ ಹೋದೆವು. ಅವಳದನ್ನು ಹೇಗೂ ಮೂರು ಸಲ ನೋಡಿದ್ದೀರಲ್ಲ, ಈಗ ಮತ್ತೆ ಯಾಕೆ ಎಂದು ಕೇಳಿದೆ. "ಆಕಿದನ್ನ ಬಿಟ್ಟು ನೋಡಿದ್ರ ನಾ ಆಕಿ ಪರ ಆದಂಗಾತು. ನಾ ಯಾರ ಪರಾನೂ ಅಲ್ಲ. ಏನ ಬೆಳೀತೈತಿ ಅದನ್ನ ಹೇಳಾಂವ" ಎಂದರು. ಗಂಗವ್ವನಿಗೂ ಮುಖದ ಮೇಲೇ ಹೇಳಿದರು, "ನಿಂದರಾಗ ಬಂದ್ರ ಬಂದೈತಿ ಅಂತೇನವಾ." ಅವಳು "ಹೌದ್ರಿ ಕಾಕಾ, ಖರೇನ ಹೇಳ್ರಿ" ಎಂದಳು.

ಮುಂದಿನ ವಾರ ಗೌಡರು, ಗಂಗವ್ವ, ನಾನು ಮೂವರೂ ಸೀನುತ್ತ ಕಾಕಾನ ಖೋಲಿಗೆ ಹೋದೆವು. ಬಾಯಿಗೆ ಹತ್ತಿ ತುರುಕಿದ ಗಾಜಿನ ನಳಿಕೆಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಮುಟ್ಟಬಾರದು, ಕೈ ಹಿಂದೆ ಕಟ್ಟಿಕೊಳ್ಳಬೇಕು ಎಂದರು. ಗೌಡರು ಶಾಲೆಯ ಹುಡುಗನ ಹಾಗೆ ಕೈ ಹಿಂದೆ ಕಟ್ಟಿಕೊಂಡರು.

"ಈ ಎಡಗಡೀದು ಬ್ಯಾರೆ ಊರಿನ ಟೈಫಾಯ್ಡ್ ರೋಗಿದು. ಬಲಗಡೀವು ನಿಮ್ಮ ಮಕ್ಕಳವು. ಇಬ್ಬರೂ ಒಂದ ಮನಿತನದವರ. ಮಸೂರದಾಗ ನೋಡಿದ್ರ ನನಗೂ ಗುರ್ತು ಸಿಗೂದಿಲ್ಲ. ಯಾರ ಪೈಕಿ ಅಂತ ಕೇಳಿದ್ರ ಸಾಲೂದಿಲ್ಲ ಗೌಡ್ರ, ಏನ ಮಾಡಿ ಉಣ್ತೀ ಅಂತಾನೂ ಕೇಳಬೇಕು. ಅದಕ್ಕ ಇಬ್ಬರಿಗೂ ಒಂದ ಊಟ ಹಾಕೇನಿ. ನಿಂಬಿಹಣ್ಣಿನ ಹುಳಿಯಿಂದ ಮಾಡಿದ ಉಪ್ಪು, ಮತ್ತೇನೂ ಇಲ್ಲ. ಟೈಫಾಯ್ಡ್‌ನಾಂವ ಅದನ್ನ ಉಣ್ಣೂದು ಮರತು ಎಷ್ಟೋ ಕಾಲ ಆತು. ಉಪವಾಸ ಕುಂತಾನ, ಟ್ಯೂಬು ಹಸರ ಉಳದೈತಿ. ಊರೂರು ತಿರಗಾಡಾಂವ ಸಿಕ್ಕದ್ದು ಉಣ್ತಾನ. ಉಂಡಾನ, ನೀಲಿ ಮಾಡ್ಯಾನ."

ಎಡಗಡೆಯದು ಹಚ್ಚ ಹಸಿರು. ಬಲಗಡೆಯ ನಳಿಕೆಗಳೆಲ್ಲ ಗಾಢ ನೀಲಿ. ಹಿಂದಿನ ಸಾಲಿನಲ್ಲಿ ಇನ್ನೊಂದು ಬಗೆಯವು ಇದ್ದವು. ಟೈಫಾಯ್ಡಿನದರಲ್ಲಿ ಮೀಸೆಯಂಥ ತೆಳು ಕಪ್ಪು ಗೆರೆ ಮಾತ್ರ ಇತ್ತು, ಮಕ್ಕಳದರಲ್ಲಿ ತಳವೆಲ್ಲ ಕಪ್ಪಾಗಿ ಗಾಳಿಗುಳ್ಳೆಗೆ ಅಗರೇ ಬಿರಿದಿತ್ತು. ಇಪ್ಪತ್ತು ವರ್ಷ ಫಳಿಯ ಮೇಲೆ ಬರೆದ ಜೀವಿ ನನ್ನ ಕಣ್ಣೆದುರು ತನ್ನ ಬದುಕಿನ ಗುರುತು ಬಿಟ್ಟು ಕುಳಿತಿತ್ತು. ಪಕ್ಕಾ ಹೆಸರಿಗಾಗಿ ಹುಬ್ಬಳ್ಳಿಗೂ ಕಳಿಸಿದ್ದೇನೆ, ಆದರೆ ಟೈಫಾಯ್ಡ್ ಅಲ್ಲ ಎಂದು ಇವತ್ತೇ ಬರೆದುಕೊಡುತ್ತೇನೆ ಎಂದರು ಕಾಕಾ.

"ಗಂಗವ್ವಂದು?" ಎಂದರು ಗೌಡರು.

"ಆಕಿದು ಮೂರು ದಿನ ತರಿಸಿ ನೋಡೇನಿ. ಹಸರಿನಾಂವನೂ ಇಲ್ಲ, ನೀಲಿಯಾಂವನೂ ಇಲ್ಲ."

ಗಂಗವ್ವ ಸೆರಗಿನಿಂದ ಮುಖ ಒತ್ತಿಕೊಂಡಳು. ಗೌಡರು ಬಿಡಲಿಲ್ಲ. "ಹಂಗಾದ್ರ ತತ್ತಿಗೆ ಹುಳ ಬಂದದ್ದು ಎಲ್ಲಿಂದ? ಕುದಿಸಿದ ತತ್ತಿ ಅಲ್ಲೇನ್ರಿ?"

ಕಾಕಾ ಗಂಗವ್ವನ ಕಡೆ ತಿರುಗಿದರು. "ತತ್ತಿ ಯಾವಾಗ ಕುದಿಸಿದಿವಾ? ಯಾವ ನೀರಾಗ ತಣ್ಣಗ ಮಾಡಿದಿ?"

"ನಸಕಿನ್ಯಾಗ ಕುದಿಸಿನ್ರಿ. ಹಸೀ ತತ್ತಿ ತೊಳದ ಬಕೀಟು ಅಲ್ಲೇ ಇತ್ತು, ಅದರಾಗ ಹಾಕಿದೆ" ಎಂದಳು ಗಂಗವ್ವ. "ದಿನಾ ಹಂಗ ಮಾಡೂದಿಲ್ರಿ. ದಿನಾ ಊಟದ ಹೊತ್ತಿಗೆ ಕುದಿಸಿ, ಬಿಸಿದ ಕೊಡ್ತೇನಿ."

"ಮತ್ತ ಅವತ್ತ್ಯಾಕ?"

ಗಂಗವ್ವ ನನ್ನ ಕಡೆ ಒಮ್ಮೆ ನೋಡಿದಳು. ನೆಲ ನೋಡುತ್ತ ನಿಂತಳು. ಗೇಟಿನ ಹೊರಗೆ ಅವಳು ಹೇಳಲು ಬಂದು ನುಂಗಿಕೊಂಡ ಮಾತು ಯಾವುದೆಂದು ನನಗೆ ಆಗ ಗೊತ್ತಾಯಿತು. ತಪಾಸಣೆಯವರು ಬರುವುದರೊಳಗೆ ಮೊಟ್ಟೆ ಸುಲಿದು ಸಾಲಾಗಿ ಜೋಡಿಸಿರಬೇಕು, ಅಡಿಗೆಮನೆಯಲ್ಲಿ ಹೊಗೆ, ಗಡಿಬಿಡಿ ಕಾಣಬಾರದು, ಲಗೂ ಲಗೂ ಮಾಡು ಎಂದು ಹಿಂದಿನ ದಿನ ಅವಳ ತಲೆಯ ಮೇಲೆ ಕುಳಿತು ಹೇಳಿದವಳು ನಾನು. ಕೋಳಿಯ ಹೊಲಸು ತೊಳೆದ ನೀರಲ್ಲಿ ಅದ್ದಿ, ಸುಲಿದು, ಸೆಕೆಯಲ್ಲಿ ಅರ್ಧ ದಿನ ಇಟ್ಟ ಮೊಟ್ಟೆಗಳನ್ನು ಮಕ್ಕಳ ತಾಟಿಗೆ ಹಾಕಿಸಿದ್ದು ನನ್ನ ಅವಸರ.

ಕಾಕಾನಿಗೆ ಅದು ಅಷ್ಟರಲ್ಲಾಗಲೇ ತಿಳಿದಿತ್ತು. ಮಕ್ಕಳ ಮನೆ ತಿರುಗುವಾಗ ತಪಾಸಣೆಯ ದಿನದ ಸಂಗತಿಯನ್ನೆಲ್ಲ ಅವರು ಕೇಳಿಕೊಂಡಿದ್ದರು. ಆದರೂ ನನ್ನ ಕಡೆ ನೋಡಲಿಲ್ಲ. ನಳಿಕೆಗಳನ್ನು ಒಂದೊಂದಾಗಿ ಎತ್ತಿ ಕುಕ್ಕರಿನೊಳಗೆ ಇಡುತ್ತ, "ಹುಳದ ಹೆಸರು ನಾ ಹೇಳತೇನ್ರಿ ಗೌಡ್ರ. ಮನಷಾರ ಹೆಸರು ಹೇಳೂದು ನನ್ನ ಕೆಲಸ ಅಲ್ಲ" ಎಂದರು.

ಅವರು ನನಗೆ ಬಿಟ್ಟುಕೊಟ್ಟ ಜಾಗ ಅದು. ನಾನು ಹೇಳಿದೆ. ಅಲ್ಲಿ ಗೌಡರಿಗೆ ಹೇಳಿದೆ, ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಹೇಳಿದೆ, ಊರ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು ಹಾಕಿ ಬರೆದೆ. ಮೇಲಿನವರು ಕಾರಣ ಕೇಳಿ ನೋಟೀಸು ಕೊಟ್ಟರು, ಅದಕ್ಕೂ ಇದನ್ನೇ ಬರೆದೆ. ನಾಚಿಕೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಗಂಗವ್ವ ಮತ್ತೆ ಬಂದ ದಿನ ಮೊದಲ ತಾಟು ನಾನೇ ಹಿಡಿದೆ. ಅವಳು ಒಂದು ಸೌಟು ಸಾರು ಹೆಚ್ಚೇ ಹಾಕಿ, "ಉಣ್ರಿ ಅಕ್ಕೋರ, ಬಿಸಿದೈತಿ" ಎಂದಳು.

ಆಮೇಲೆ ನಾಲ್ಕು ವರ್ಷ ಲ್ಯಾಬು ನಡೆಯಿತು. ಪ್ರತಿ ವರ್ಷ ಒಂಬತ್ತನೆಯ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮಕ್ಕಳು ಸೀನುತ್ತಿದ್ದರು, ಕಾಕಾ ಚಿಗವ್ವನ ನವಿಲಿನ ಕಥೆ ಹೇಳುತ್ತಿದ್ದರು. ಚಿಗವ್ವನನ್ನು ಟೈಫಾಯ್ಡಿಗೆ ಹೋಲಿಸಿದ ತಪ್ಪಿಗೆ ಮೇಲೆ ನೋಡಿ ಒಮ್ಮೆ ಕೈ ಮುಗಿಯುತ್ತಿದ್ದರು.

ಕಳೆದ ವರ್ಷ ಒಂದು ಮಧ್ಯಾಹ್ನ ನಾನೊಬ್ಬಳೇ ಹೋದಾಗ ಅವರು ಕಿಟಕಿಯ ಬೆಳಕಿಗೆ ಒಂದು ನಳಿಕೆ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದ ಹಾಗಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದು ಚಾಚಿ ಹೇಳಿದ್ದರು.

"ಅಕ್ಕೋರ, ಇದು ಹಸರೋ ನೀಲಿಯೋ ನೋಡ್ರಿ."

"ನೀಲಿರಿ ಕಾಕಾ. ಅಗದಿ ನೀಲಿ."

ಅವರು ನಳಿಕೆಯನ್ನು ಇನ್ನೊಮ್ಮೆ ನೋಡಿದರು. "ನನಗ ಹಸರ ಕಾಣಾಕತ್ತೈತಿ" ಎಂದರು. ಅದನ್ನು ಸ್ಟ್ಯಾಂಡಿನಲ್ಲಿಟ್ಟು, ಕೈ ತೊಳೆದು, ಕುರ್ಚಿಯ ಮೇಲೆ ಕುಳಿತರು. ಕಣ್ಣಿನ ಡಾಕ್ಟರರ ಹತ್ತಿರ ಹೋಗೋಣ, ಯಾರನ್ನಾದರೂ ಸಹಾಯಕ್ಕೆ ಇಟ್ಟುಕೊಳ್ಳಿ ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ನನ್ನ ಕಣ್ಣಿನಿಂದ ಇನ್ನೊಬ್ಬಾಕಿ ಗಂಗವ್ವ ಆಗೂದು ಬ್ಯಾಡ" ಎಂದರು. ಅಂದೇ ಎಲ್ಲ ನಳಿಕೆಗಳನ್ನೂ ಕುದಿಸಿದರು. ಮತ್ತೆ ಲ್ಯಾಬಿನ ಬಾಗಿಲು ತೆಗೆಯಲಿಲ್ಲ. ನಾನು ಅವರನ್ನು ನೋಡಿದ್ದೂ ಅದೇ ಕೊನೆ. ಈ ಚಳಿಗಾಲದಲ್ಲಿ ಹೃದಯ ನಿಂತು ತೀರಿಕೊಂಡರು.

ಸುದ್ದಿ ಬಂದ ದಿನ ಗಂಗವ್ವ ಅಡಿಗೆಯನ್ನು ಇನ್ನೊಬ್ಬಳಿಗೆ ವಹಿಸಿ ನನ್ನ ಜೊತೆ ಬಸ್ ಹತ್ತಿದಳು. ಅವರ ಮನೆಯ ಬಾಗಿಲ ಹೊರಗೆ ಬಕೀಟಿನಲ್ಲಿ ನೀರು, ತಂಬಿಗೆ, ಸಾಬೂನು ಎಂದಿನಂತೆ ಇಟ್ಟಿದ್ದವು. ಅಷ್ಟು ಅಳುವಿನ ನಡುವೆಯೂ ಚಾಚಿ ಅದನ್ನು ಮರೆತಿರಲಿಲ್ಲ. ಗಂಗವ್ವ ಬಗ್ಗಿ, ಸಾಬೂನು ಹಚ್ಚಿ, ಬೆರಳ ಸಂದುಗಳನ್ನೆಲ್ಲ ತಿಕ್ಕಿ ನಿಧಾನವಾಗಿ ತೊಳೆದಳು. ನಾನೂ ತೊಳೆದುಕೊಂಡೆ.

ಬಾಗಿಲಲ್ಲಿ ಕುಳಿತಿದ್ದ ಮುದುಕರೊಬ್ಬರು, ನವಲಗುಂದದ ಸಂಬಂಧಿಕರಿರಬೇಕು, ನಮ್ಮನ್ನು ಗುರುತು ಹಿಡಿಯದೆ ಕೇಳಿದರು. "ನೀವು ಯಾರ ಪೈಕಿ ಬೇ?"

ನಾನು ಶಾಲೆಯ ಹೆಸರು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಗಂಗವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು.

"ಕಾಕಾನ ಪೈಕಿರಿ."

ಮುದುಕರು ಸರಿದು ದಾರಿ ಬಿಟ್ಟರು.